ಮೇಷ್ಟ್ರು ಓದದೆ ಬಿಟ್ಟ ಪುಟಗಳು

ಊಟವನ್ನೂ ಪಾಠವನ್ನೂ ಅರ್ಧಕ್ಕೆ ಬಿಡಬಾರದು ಎನ್ನುವುದು ನಮ್ಮ ಮೇಷ್ಟ್ರ ಮಾತು. ಮಕ್ಕಳಿಗೆ ಹೇಳುತ್ತಿದ್ದರು, ನನಗೆ ಹೇಳುತ್ತಿದ್ದರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಸ್ವಲ್ಪ ಸಲಿಗೆ ಕೊಟ್ಟರೆ ಅವರಿಗೂ ಹೇಳುತ್ತಿದ್ದರು. ಹೋದ ತಿಂಗಳು ಚಿನಕುರಳಿಯಿಂದ ಅವರ ಮಗ ಫೋನ್ ಮಾಡಿ, "ಅಪ್ಪ ಓಗ್ಬುಟ್ರು ಮೇಡಂ. ಊಟ ಮಾಡಿ ಕೈ ತೊಳ್ಕಂಡು ಒರಗ್ದೋರು ಏಳ್ನೇ ಇಲ್ಲ" ಅಂದಾಗ ನನಗೆ ಮೊದಲು ನೆನಪಾದದ್ದು ಆ ಮಾತೇ. ಸದ್ಯ, ಊಟ ಮುಗಿಸಿಕೊಂಡೇ ಹೋದರಲ್ಲ ಎಂದುಕೊಂಡೆ. ಪಾಠದ ವಿಷಯದಲ್ಲಿ ಹಾಗೆ ಸಮಾಧಾನ ಹೇಳಿಕೊಳ್ಳಲು ಬರುವುದಿಲ್ಲ. ಒಂದೇ ಒಂದು ಪಾಠವನ್ನು ಅವರು ಅರ್ಧಕ್ಕೆ ಬಿಟ್ಟಿದ್ದರು. ಅದಕ್ಕಾಗಿ ಅವರು ಪಟ್ಟ ನಾಚಿಕೆಯನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬಿಂಡಿಗನವಿಲೆಯಿಂದ ಆಚೆಗೆ ಒಂದು ಹಳ್ಳಿಯ ಶಾಲೆಗೆ ನನಗೆ ಕೆಲಸದ ಆರ್ಡರ್ ಬಂತು. ನಾನು ಶ್ರೀರಂಗಪಟ್ಟಣದ ಗಂಜಾಂನವಳು, ದರ್ಜಿಯ ಮಗಳು. ಮನೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ಕಾವೇರಿ. ಇಲ್ಲಿ ನೋಡಿದರೆ ಕಣ್ಣು ಹಾಯುವಷ್ಟೂ ಕೆಮ್ಮಣ್ಣು, ಕುರಿಮಂದೆ, ಮಳೆಗೆ ಕಾದು ಕೂತ ಹೊಲ. ಬಸ್ಸಿಳಿದು ಟ್ರಂಕು ಇಟ್ಟುಕೊಂಡು ಅಳುವ ಹಾಗೆ ನಿಂತಿದ್ದವಳ ಮುಂದೆ ಒಂದು ದೊಡ್ಡ ಕೊಡೆ ಬಂದು ನಿಂತಿತು. ಕೊಡೆಯ ಕೆಳಗೆ ಗುಂಡಗಿನ ಹೊಟ್ಟೆ, ದಾರ ಕಟ್ಟಿ ಕಿವಿಗೆ ಸಿಕ್ಕಿಸಿದ ಕನ್ನಡಕ. "ನೀವೇನಾ ಗಂಜಾಂ ಮೇಡಂ? ಬನ್ನಿ, ಮೊದಲು ಊಟ ಮಾಡಿ. ಆಮೇಲೆ ಬೇಕಾದ್ರೆ ಅಳೋರಂತೆ" ಎಂದರು. ಅಂದಿನಿಂದ ನಾನು ಗಂಜಾಂ ಮೇಡಂ, ಅವರು ಮೇಷ್ಟ್ರು.

ಕಾಳಮ್ಮಜ್ಜಿ ಎಂಬ ಮುದುಕಿಯ ಮನೆಯಲ್ಲಿ ಮುಂದಿನ ಕೋಣೆ ಅವರದು, ಹಿತ್ತಲ ಕಡೆಯ ಕೋಣೆ ನನ್ನದು. ಶನಿವಾರ ಅವರು ಚಿನಕುರಳಿಗೆ, ಹೆಂಡತಿ ಮಕ್ಕಳ ಹತ್ತಿರ ಹೋಗುತ್ತಿದ್ದರು. ಪಾಂಡವಪುರದಲ್ಲಿ ಅವರು ಇಳಿದ ಮೇಲೆ ನಾನು ಅದೇ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದೆ.

ಅವರು ಉಣ್ಣುವುದನ್ನು ನೋಡುವುದೇ ಒಂದು ಸಂತೋಷ. ಮುದ್ದೆಯನ್ನು ಮುರಿಯುತ್ತಿರಲಿಲ್ಲ, ಹೆಬ್ಬೆರಳಿನಿಂದ ಮೆಲ್ಲಗೆ ಕಿತ್ತು, ಸಾರಿನಲ್ಲಿ ಒಂದು ಸುತ್ತು ತಿರುಗಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದರು. ತಟ್ಟೆಯಲ್ಲಿ ಒಂದು ಕರಿಬೇವಿನೆಲೆ ಉಳಿದರೂ ಅವಮಾನ. ಬಾಡು, ಮಾಂಸದ ಸಾರು ಎಂದರಂತೂ ಮುಗಿಯಿತು. ಯುಗಾದಿಗೆ ಊರಿಗೆ ಹೋದರೂ ಮಾರನೆ ದಿನ ಹೊಸತೊಡಕಿಗೆ ಮೊದಲ ಬಸ್ಸಿಗೇ ಹಳ್ಳಿಗೆ ಹಾಜರ್. ಆ ದಿನ ಊರವರು ಸೇರಿ ಕಡಿದ ಬಾಡನ್ನು ಬಾಳೆಲೆಯ ಮೇಲೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಎಲ್ಲರ ಗುಡ್ಡೆಗೂ ಎಲ್ಲಾ ಭಾಗದ ತುಂಡು ಬೀಳಬೇಕು, ಕೊನೆಗೆ ಮೇಷ್ಟ್ರ ಪಾಲಿನದೊಂದು ಗುಡ್ಡೆ. ಅದು ಯಾರ ಮನೆಯ ಒಲೆಯ ಮೇಲೆ ಬೇಯುತ್ತದೋ ಆ ಮನೆಯ ಮಗು ಸಾರಿನ ಪಾತ್ರೆ ಹೊತ್ತು ತರುತ್ತಿತ್ತು. ನನ್ನ ಪಾಲಿಗೆ ಒಬ್ಬಟ್ಟು, ತೆಂಗಿನಕಾಯಿ ಕಳಿಸುತ್ತಿದ್ದರು.

ಹೀಗೆ ತಿನ್ನುವ ಮನುಷ್ಯ ರಂಜಾನ್ ತಿಂಗಳಲ್ಲಿ ಮಾತ್ರ ಕಳ್ಳನಾಗುತ್ತಿದ್ದರು. ನಾನು ಉಪವಾಸ ಇರುತ್ತೇನೆಂದು ಡಬ್ಬಿ ಹಿಡಿದುಕೊಂಡು ಬೀರುವಿನ ಹಿಂದೆ ನಿಂತು ಉಣ್ಣುವರು. "ಸಾರ್, ಬನ್ನಿ ಈಚೆಗೆ, ನನಗೇನೂ ಆಗಲ್ಲ" ಎಂದರೆ, "ಊಟ ಎಲ್ಲಿ ಮೇಡಂ, ಹಳೇ ರಿಜಿಸ್ಟರ್ ಹುಡುಕ್ತಾ ಇದೀನಿ" ಎಂದು ಅಲ್ಲಿಂದಲೇ ಉತ್ತರ. ಬಾಯಿ ತುಂಬ ಅನ್ನ ಇಟ್ಟುಕೊಂಡು ಹೇಳುವ ಸುಳ್ಳು ಅದು. ಇಂಥ ಸುಳ್ಳುಗಳಲ್ಲಿ ಅವರದು ಪಳಗಿದ ಕೈ. ಮಗ್ಗಿ ಬಾರದ ಹುಡುಗನ ಅಪ್ಪ ದೊಣ್ಣೆ ಹಿಡಿದು ವಿಚಾರಿಸಲು ಬಂದರೆ, "ನಿನ್ನ ಮಗನಾ? ಲೇ, ನಿನಗಿಂತ ಎಷ್ಟೋ ವಾಸಿ ಕಣ್ಲಾ" ಎಂದು ಕಳಿಸುವರು. ಹುಡುಗ ಬದುಕಿಕೊಳ್ಳುತ್ತಿದ್ದ. ನಾನು ಬಾಯಲ್ಲಿ ರೇಗಿಸುತ್ತಿದ್ದೆ, ಮನಸ್ಸಿನಲ್ಲಿ ಮೆಚ್ಚುತ್ತಿದ್ದೆ. ಯಾರ ಮುಖವೂ ತಮ್ಮೆದುರು ಬಾಡಬಾರದು, ಅಷ್ಟೇ ಅವರಿಗೆ ಬೇಕಾಗಿದ್ದುದು.

ಶನಿವಾರದ ಕೊನೆಯ ಪಿರಿಯಡ್ಡು ಕಥೆಗೆ ಮೀಸಲು. ಅವರ ಬಳಿ ಒಂದು ಹಳೆಯ ಪುಸ್ತಕವಿತ್ತು. ಯಾವುದೋ ದೂರ ದೇಶದ ಹೆಸರುವಾಸಿ ಕಾದಂಬರಿಯ ಕನ್ನಡ ಅನುವಾದ. ಹರಿದ ರಟ್ಟಿನ ಬದಲು ಕ್ಯಾಲೆಂಡರಿನ ಹಾಳೆ ಹೊಲಿದಿದ್ದರು. ಕಾಡಂಚಿನಲ್ಲಿ ಬೇಸಾಯ ಮಾಡುವ ಬಡವರ ಮನೆಯ ಒಬ್ಬನೇ ಹುಡುಗ, ತಬ್ಬಲಿಯಾದ ಜಿಂಕೆಮರಿಯನ್ನು ತಂದು ಸಾಕುವ ಕಥೆ. ಮೇಷ್ಟ್ರು ಓದಿದರೆ ಅಪ್ಪನ ದನಿ ಬೇರೆ, ಅಮ್ಮನ ದನಿ ಬೇರೆ, ಜಿಂಕೆಯ ಓಟಕ್ಕೆ ಮೇಜಿನ ಮೇಲೆ ಬೆರಳಿನ ಸದ್ದು ಬೇರೆ. ನನ್ನ ಕ್ಲಾಸಿಗೂ ಅವರದಕ್ಕೂ ಮಧ್ಯೆ ಮೋಟು ಗೋಡೆ. ಶನಿವಾರ ನನ್ನ ಮಕ್ಕಳೂ ಲೆಕ್ಕ ಬಿಟ್ಟು ಗೋಡೆಯ ಕಡೆಗೇ ಕಿವಿ ಕೊಡುತ್ತಿದ್ದರು. ಗದರಬೇಕಾದ ನಾನೂ ಕಿವಿ ಕೊಡುತ್ತಿದ್ದೆ.

ಅವರ ಕ್ಲಾಸಿನಲ್ಲಿ ಭಾಗ್ಯ ಎಂಬ ಹುಡುಗಿ ಇದ್ದಳು, ಬೋರೇಗೌಡನ ಮಗಳು. ಆ ವರ್ಷದ ಮುಂಗಾರಿನಲ್ಲಿ ಗುಡ್ಡದ ಕಡೆ ಕುರಿ ಹೊಡೆದುಕೊಂಡು ಹೋದವಳಿಗೆ ಲಂಟಾನ ಪೊದೆಯಲ್ಲಿ ಒಂದು ಕಾಡುಹಂದಿ ಮರಿ ಸಿಕ್ಕಿತ್ತು. ತಾಯಿಯನ್ನು ಯಾರೋ ಹೊಡೆದಿದ್ದರು. ಮರಿಯ ಮೈಮೇಲೆ ಸೌತೆಕಾಯಿಗಿರುವಂಥ ಪಟ್ಟೆ. ಅದಕ್ಕೇ ಅವಳು ಸೌತೆ ಎಂದು ಹೆಸರಿಟ್ಟು, ಕೊರಳಿಗೆ ಕೆಂಪು ದಾರ ಕಟ್ಟಿ, ಮೇಕೆ ಹಾಲು ಕುಡಿಸಿ ಬೆಳೆಸಿದಳು. ಸೌತೆ ಅವಳ ಹಿಂದೆಯೇ ಶಾಲೆಗೆ ಬಂದು ಹೊಂಗೆಮರದ ಕೆಳಗೆ ಬಿದ್ದುಕೊಂಡಿರುತ್ತಿತ್ತು. ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರೆ ಅದೂ ಏಳುತ್ತಿತ್ತು. ನಾನು ಹಂದಿಯೆಂದರೆ ಮಾರು ದೂರ ಹಾರುವವಳು. ಆದರೂ ಅದು ಗೊರ್ ಎಂದು ಮೂಗೆತ್ತಿದಾಗ ನಗದೆ ಇರಲು ಆಗುತ್ತಿರಲಿಲ್ಲ.

ಊರಿಗೆ ಮಾತ್ರ ಅದು ಹಿಡಿಸಲಿಲ್ಲ. ಗೌಡರ ಮನೆಯ ಹುಡುಗಿ ಊರಹಂದಿ ಸಾಕಿದ್ದಾಳೆ ಎಂದು ಆಡಿಕೊಂಡರು. ಪಟ್ಟೆಗಳು ಮಾಸಿ, ಬೆನ್ನ ಮೇಲೆ ಕರಿಯ ಕೂದಲು ನೆಟ್ಟಗಾದ ಮೇಲೆ ಸೌತೆ ಗೆಣಸಿನ ಮಡಿಗಳನ್ನು ಕೆದಕತೊಡಗಿತು. ಕಟ್ಟಿದರೆ ಹಗ್ಗ ಕಡಿಯಿತು. ದೊಡ್ಡಿ ಮಾಡಿದರೆ ಅಡಿಯಿಂದ ಮಣ್ಣು ತೋಡಿತು. ದಿನಾ ಜಗಳ. ಭಾಗ್ಯ ಮಾತ್ರ ಹೆದರಲಿಲ್ಲ, ಏಕೆಂದರೆ ಶನಿವಾರದ ಕಥೆಯಲ್ಲೂ ಅದೇ ನಡೆಯುತ್ತಿತ್ತು. ಅಲ್ಲೂ ಜಿಂಕೆ ಬೇಲಿ ಹಾರಿ ಬೆಳೆ ತಿನ್ನುತ್ತಿತ್ತು, ಅಲ್ಲೂ ಹುಡುಗ ಬೇಲಿ ಎತ್ತರಿಸುತ್ತಿದ್ದ. ಮುಂದೇನಾಯಿತು ಎಂದು ತಿಳಿಯುವುದು ಬೇರೆ ಮಕ್ಕಳಿಗೆ ಕುತೂಹಲ, ಅವಳಿಗೆ ಜೀವದ ಪ್ರಶ್ನೆ.

ನಾನು ತಡೆಯಲಾರದೆ ಪುಸ್ತಕವನ್ನು ಇಸಿದುಕೊಂಡು ಕೊನೆಯವರೆಗೆ ಓದಿಬಿಟ್ಟಿದ್ದೆ. ಹಾಗಾಗಿ ಕಥೆ ಮುಗಿಯಬೇಕಾದ ಶನಿವಾರ ಗೋಡೆಯ ಈ ಕಡೆ ಬಿಗಿಯಾಗಿ ಕೂತಿದ್ದೆ. ಮೇಷ್ಟ್ರು ಓದುತ್ತಾ ಬಂದರು. ಬೆಳೆ ಹೋಯಿತು, ಮನೆಯವರು ಹಸಿವಿನಿಂದ ಇರಬೇಕಾಯಿತು, ಅಪ್ಪ ಮಗನನ್ನು ಕರೆದ. ಅಲ್ಲಿಗೆ ದನಿ ನಿಂತಿತು. ಹಾಳೆ ತಿರುವಿದ ಸದ್ದು, ಕೆಮ್ಮಿದ ಸದ್ದು. ಆಮೇಲೆ ಪುಸ್ತಕ ಮುಚ್ಚಿದ್ದು ಕೇಳಿಸಿತು. "ಆಮೇಲೇನಾಯ್ತಪ್ಪ ಅಂದ್ರೆ, ಜಿಂಕೆ ದೊಡ್ಡದಾಗಿತ್ತಲ್ಲ, ಒಂದಿನ ತಾನಾಗೇ ಕಾಡಿಗೆ ಹೊರಟುಹೋಯ್ತು. ಆಗಾಗ ಸಂಜೆ ಹೊತ್ತು ಬೇಲಿ ಹತ್ರ ಬಂದು ಹುಡುಗನ್ನ ನೋಡ್ಕೊಂಡು ಹೋಗ್ತಿತ್ತು." ಮಕ್ಕಳು ಚಪ್ಪಾಳೆ ತಟ್ಟಿದರು.

ಬಸ್ಸಿನಲ್ಲಿ ನಾನು ಬಿಡಲಿಲ್ಲ. "ಪಾಠ ಅರ್ಧಕ್ಕೆ ಬಿಡಬಾರದು ಅಂತೀರಿ. ಕೊನೆಯ ಪುಟಗಳನ್ನೇ ನುಂಗಿಬಿಟ್ರಲ್ಲ ಸಾರ್?"

"ಆ ಹುಡುಗಿ ನನ್ನೇ ನೋಡ್ತಾ ಇದ್ಲು ಮೇಡಂ. ಉಸಿರು ಬುಟ್ಟಿರ್ನಿಲ್ಲ. ಅವಳ ಮುಖ ನೋಡ್ಕಂಡು ಹುಡುಗನ ಕೈಗೆ ಬಂದೂಕು ಎಂಗೆ ಕೊಡ್ಲಿ?" ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಯುಗಾದಿಗೆ ಸ್ವಲ್ಪ ಮುಂಚೆ ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬ ಅವರನ್ನು ನೋಡಲು ಬಂದ. ಶೀಳನೆರೆಯವನು, ಕಾಡಿನ ಗಾರ್ಡು. ಸೌತೆಯ ಜಗಳ ಕೇಳಿ ಅವನೇ ಭಾಗ್ಯಳನ್ನು ಕರೆಸಿದ. "ಕೊಟ್ಬುಡವ್ವ. ನಾಳೆ ಜೀಪು ತತ್ತೀನಿ. ಜನ ಇಲ್ದಿರೋ ದೊಡ್ಡ ಕಾಡಿಗೆ ಬುಟ್ಟುಬತ್ತೀನಿ. ಇಲ್ಲೇ ಇದ್ರೆ ಇವ್ರು ಉಳ್ಸಕ್ಕಿಲ್ಲ ಕಣವ್ವ" ಎಂದ. ಒಳ್ಳೆಯ ಮಾತು, ಸಮಯಕ್ಕೆ ಸರಿಯಾಗಿ ಬಂದ ಮಾತು.

ಭಾಗ್ಯ ಅವನನ್ನು ನೋಡಲೇ ಇಲ್ಲ, ಮೇಷ್ಟ್ರ ಕಡೆ ತಿರುಗಿದಳು. "ಸಾ, ಜಿಂಕೆ ಯಾರೂ ಬುಡ್ದೆ ಅದೇ ಓಯ್ತಲ್ವಾ ಸಾ? ಓದ್ಮೇಲೂ ನೋಡಕ್ಕೆ ಬತ್ತಿತ್ತಲ್ವಾ? ಜೀಪಲ್ಲಿ ಓದ್ರೆ ಸೌತೇಗೆ ದಾರಿ ಗೊತ್ತಾಗಕ್ಕಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಹಳೆಯ ಶಿಷ್ಯ ಎದುರಿಗಿದ್ದ, ನಾನಿದ್ದೆ, ಕಿಟಕಿಯಲ್ಲಿ ಅರ್ಧ ಕ್ಲಾಸು ಇಣುಕುತ್ತಿತ್ತು. ಓದದೆ ಬಿಟ್ಟ ಪುಟಗಳನ್ನು ಈಗಲಾದರೂ ಹೇಳುತ್ತಾರೆಂದು ನಾನು ಕಾಯುತ್ತಿದ್ದೆ. "ಹೂಂ ಕಣವ್ವ, ಅದೇ ಹೋಯ್ತು" ಎಂದರು. ಗಾರ್ಡು ಕಾಫಿ ಕುಡಿದು ಹೊರಟುಹೋದ.

ಯುಗಾದಿಯ ಹಿಂದಿನ ದಿನ ಸೌತೆ ಪಕ್ಕದ ಕೆಂಪಣ್ಣನ ಮನೆಗೆ ನುಗ್ಗಿ ಬಿತ್ತನೆಗಿಟ್ಟ ಕಡಲೆಕಾಯಿ ಮೂಟೆಗಳನ್ನು ಸೀಳಿತು. ಅಡ್ಡ ಬಂದ ಅವನ ಮುದಿ ತಾಯಿಯನ್ನು ಕೆಡವಿತು. ಆ ಮುದುಕಿಗೆ ಸೊಂಟ ಎತ್ತಿ ಏಳಲಾಗಲಿಲ್ಲ. ಇನ್ನು ಬೋರೇಗೌಡ ತಾನೇ ಯಾವ ಮುಖವಿಟ್ಟುಕೊಂಡು ಕೊಲ್ಲಬೇಡಿ ಎನ್ನಬೇಕು? ಹೊಸತೊಡಕಿನ ಬೆಳಗಿನ ಜಾವ ಗಂಡಸರು ಸೇರಿ ಅದನ್ನು ಊರಾಚೆ ಒಯ್ದರು. ಇಷ್ಟು ದಿನ ಊರಹಂದಿಯಾಗಿದ್ದದ್ದು ಬಾಳೆಲೆಯ ಮೇಲೆ ಗುಡ್ಡೆ ಬಿದ್ದ ಕೂಡಲೇ ಕಾಡಹಂದಿಯಾಯಿತು. ನನಗೆ ಅದನ್ನು ಹೇಳಿದ್ದು ಕಾಳಮ್ಮಜ್ಜಿ. "ಉಡ್ಗೀಗೆ ಏಳ್ಬ್ಯಾಡ ಕಣವ್ವ. ಅದು ಕಾಡಿಗೆ ಓಯ್ತು ಅಂದವ್ರೆ. ಮೇಷ್ಟ್ರು ಕತೇಲಿ ಅಂಗೇ ಅಲ್ವಾ ಅಂತ ಅವ್ರಪ್ಪನೇ ಏಳವ್ನೆ."

ನಾನು ಹಿತ್ತಲ ಕೋಣೆಯಲ್ಲಿ ಪರೀಕ್ಷೆಯ ಪ್ರಶ್ನೆ ಬರೆಯುತ್ತಾ ಕೂತವಳು, ಜಗಲಿಯಲ್ಲಿ ಭಾಗ್ಯಳ ದನಿ ಕೇಳಿ ಓಡಿಬಂದೆ. ತಡವಾಗಿತ್ತು. ಮೇಷ್ಟ್ರು ಬಸ್ಸಿಳಿದು ನೇರ ಊಟಕ್ಕೆ ಕೂತಿದ್ದರು. ಬೋರೇಗೌಡನ ಮನೆಯ ಪಾತ್ರೆ ಪಕ್ಕದಲ್ಲಿತ್ತು. ತಟ್ಟೆಯಲ್ಲಿ ಮುದ್ದೆ ಅರ್ಧ ಇಳಿದಿತ್ತು. ಭಾಗ್ಯ ಕಂಬ ಹಿಡಿದುಕೊಂಡು, ಮುಖವೆಲ್ಲ ಹಿಗ್ಗಿಸಿಕೊಂಡು ಹೇಳುತ್ತಿದ್ದಳು: "ಸೌತೆ ಓಯ್ತು ಸಾ! ನೀವು ಏಳ್ದಂಗೇ, ಅದೇ ಓಯ್ತಂತೆ. ನಮ್ಮಪ್ಪ ಕಣ್ಣಾರೆ ನೋಡ್ತಂತೆ, ಗುಡ್ಡದ ಕಡೀಕೆ ಓಡ್ತಾ ಇತ್ತಂತೆ."

"ಒಳ್ಳೇದಾಯ್ತು ಬುಡವ್ವ" ಎಂದು ಮೇಷ್ಟ್ರು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡರು. "ಏನು ಬಾಡವ್ವ ಇದು? ಕುರಿ ಅಲ್ಲ."

"ಕಾಡಂದಿ ಅಂತೆ ಸಾ. ಅಪ್ಪನೋರು ಬ್ಯಾಟೆಗೆ ಓಗಿದ್ರಂತೆ. ನಾನ್ ತಿನ್ನಕ್ಕಿಲ್ಲ, ಸೌತೆ ನೆಂಟ್ರಲ್ವಾ."

ಮೇಷ್ಟ್ರ ದವಡೆ ನಿಂತಿತು. ಕಣ್ಣೆತ್ತಿ ನನ್ನ ಮುಖ ನೋಡಿದರು. ನನ್ನ ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅವರಿಗೆ ಎಲ್ಲ ತಿಳಿಯಿತು. ಉಗುಳಿದರೆ ಎದುರಿಗೆ ನಿಂತ ಹುಡುಗಿಗೂ ತಿಳಿಯುತ್ತದೆ. ಅವರು ನುಂಗಿದರು. ಆಮೇಲೆ ನನ್ನನ್ನಾಗಲಿ ಅವಳನ್ನಾಗಲಿ ನೋಡದೆ ತಟ್ಟೆಯಲ್ಲಿದ್ದುದನ್ನೆಲ್ಲ, ಒಂದೊಂದು ತುಂಡನ್ನೂ, ಮುಗಿಸಿದರು. ಅವರು ಕಣ್ಣು ಬಿಟ್ಟುಕೊಂಡು ಉಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಭಾಗ್ಯ ಖಾಲಿ ಪಾತ್ರೆ ತೂಗಾಡಿಸಿಕೊಂಡು ಹೋದಳು. ಮೇಷ್ಟ್ರು ಬಚ್ಚಲಲ್ಲಿ ಕೈ ತೊಳೆಯುತ್ತಲೇ ಇದ್ದರು. ಹಂಡೆಯ ನೀರು ತಳ ಕಂಡಿತು.

ಮರುದಿನದಿಂದ ಸಂಜೆ ಭಾಗ್ಯ ಊರ ತುದಿಯ ಕತ್ತಾಳೆ ಬೇಲಿಯ ಹತ್ತಿರ ಬೆಲ್ಲದ ಚೂರು ಹಿಡಿದು ನಿಲ್ಲತೊಡಗಿದಳು. ಮೇಷ್ಟ್ರು ಪೇಪರ್ ಓದಲು ಬಸ್ ಸ್ಟಾಪಿನ ಗೂಡಂಗಡಿಗೆ ಹೋಗುವ ದಾರಿ ಅದೇ. "ಇವತ್ತೂ ಬರ್ನಿಲ್ಲ ಸಾ. ನಾಳೀಕೆ ಬತ್ತದೆ ಅಲ್ವಾ?" ಎನ್ನುವಳು. "ಬತ್ತದೆ ಕಣವ್ವ" ಎಂದು ಇವರು ಕೊಡೆಯನ್ನು ಮುಖಕ್ಕೆ ಅಡ್ಡ ಇಳಿಸಿಕೊಂಡು ದಾಟುವರು. ಆಮೇಲಾಮೇಲೆ ಪೇಪರ್ ಓದುವುದನ್ನೇ ಬಿಟ್ಟರು. ಶನಿವಾರ ಮಾತ್ರ ಬಸ್ಸಿಗೆ ಹೋಗಲೇಬೇಕಲ್ಲ. ಬೇಲಿ ಹತ್ತಿರವಾದಂತೆ ಅವರ ನಡಿಗೆ ಕುಗ್ಗುತ್ತಿತ್ತು. ನನಗಿಂತ ಇಷ್ಟು ದೊಡ್ಡವರು ನನ್ನ ಬೆನ್ನ ಹಿಂದೆ ಅಡಗಿ ಬರುತ್ತಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಒಮ್ಮೆ ಸಿಟ್ಟು ಬಂದು, "ಹೇಳಿಬಿಡಿ ಸಾರ್, ಅಲ್ಲಾನ ಆಣೆ, ಇದು ಪಾಪ" ಎಂದೂ ಅಂದೆ. "ಯಾವುದನ್ನ ಹೇಳ್ಲಿ ಮೇಡಂ? ಕಥೆಯದಾ, ಊಟದ್ದಾ?" ಎಂದರು.

ಬೇಸಿಗೆ ರಜ ಕಳೆದು ಶಾಲೆ ತೆರೆಯಿತು. ಮೊದಲ ಸಂಜೆಯೇ ಬೇಲಿಯ ಹತ್ತಿರ ಮತ್ತೆ ಅವಳು. ಕಾಳಮ್ಮಜ್ಜಿ ಎಲೆ ಅಡಿಕೆ ಜಗಿಯುತ್ತಾ, "ರಜದಾಗೆ ಒಂದಿನಾನೂ ಆ ಬೇಲಿ ತಾವ್ಕೆ ಓಗಿರ್ನಿಲ್ಲ. ನೀವು ಬಂದ್ರಿ ನೋಡು, ಮತ್ತೆ ನಿಂತ್ಕತಾವ್ಳೆ" ಎಂದಳು. ನಮಗೆ ಆಗಲೂ ತಲೆಗೆ ಹೋಗಲಿಲ್ಲ, ಇಬ್ಬರೂ ಪಾಠ ಹೇಳಿಕೊಡುವವರು.

ಆ ಶನಿವಾರ ಮಳೆ ಹನಿಯುತ್ತಿತ್ತು. ಭಾಗ್ಯ ಗೋಣಿಚೀಲ ಹೊದ್ದು ನಿಂತಿದ್ದಳು. "ಬರ್ನಿಲ್ಲ ಸಾ" ಎಂದಳು. ಮೇಷ್ಟ್ರು ನಾಲ್ಕು ಹೆಜ್ಜೆ ಮುಂದೆ ಹೋದವರು ತಿರುಗಿ ಬಂದು ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದರು. ಮಳೆ ಅವರ ಮೇಲೆ ಬೀಳುತ್ತಿತ್ತು.

"ಭಾಗ್ಯ, ಆ ಕಥೆ ನಾನು ಸರಿಯಾಗಿ ಏಳ್ನಿಲ್ಲ ಕಣವ್ವ. ಜಿಂಕೆ ಕಾಡಿಗೆ ಹೋಗ್ನಿಲ್ಲ. ಅದನ್ನ ಸಾಯಿಸ್ತಾರೆ, ಆ ಹುಡುಗನ ಕೈಲೇ ಸಾಯಿಸ್ತಾರೆ. ನಂಗೆ ಓದಕ್ಕಾಗ್ನಿಲ್ಲ, ಸುಳ್ಳು ಏಳ್ಬುಟ್ಟೆ. ನಿನ್ನ ಸೌತೇನೂ..."

"ಗೊತ್ತು ಸಾ."

ಮೇಷ್ಟ್ರ ಬಾಯಿ ಹಾಗೇ ತೆರೆದುಕೊಂಡಿತ್ತು. "ಯಾವಾಗಿಂದವ್ವ?"

"ಹೊಸತೊಡಕಿನ ಮಾರ್ನೆ ದಿನಾನೇ. ತಿಪ್ಪೆಗೆ ಕಸ ಆಕಕ್ಕೆ ಓಗಿದ್ನಲ್ಲ, ಅದ್ರ ಕೆಂಪು ದಾರ ಅಲ್ಲಿ ಬಿದ್ದಿತ್ತು."

"ಮತ್ತೆ ಇಲ್ಲಿ ಯಾಕವ್ವ ನಿಂತ್ಕತಿದ್ದೆ ಇಷ್ಟು ದಿನ?"

ಅವಳು ಒಂದು ಸಲ ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. "ನೀವು ಅವತ್ತು ಉಂಡ್ರಲ್ಲ ಸಾ. ನಾನೇ ತಂದ್ಕೊಟ್ನಲ್ಲ. ಅದು ಸೌತೆ ಅಂತ ಗೊತ್ತಾದ್ರೆ ನೀವು ಮನ್ಸಿಗೆ ಅಚ್ಕತೀರ. ನಾನು ಇಲ್ಲಿ ಕಾಯ್ತಾ ನಿಂತಿದ್ರೆ, ಪಾಪ, ಕಾಡಿಗೇ ಓಯ್ತು ಅನ್ಕತೀರಲ್ಲ, ಅದ್ಕೆ."

ಮಳೆಯಲ್ಲಿ ಮೇಷ್ಟ್ರ ಕನ್ನಡಕದೊಳಗೆ ಏನಾಗುತ್ತಿತ್ತೋ ಕಾಣಲಿಲ್ಲ. "ತಪ್ಪಾಯ್ತು ಕಣವ್ವ" ಎಂದಷ್ಟೇ ಅಂದರು. ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು.

"ಬುಡಿ ಸಾ, ಬಸ್ಸು ಬಂತು" ಎಂದು ಭಾಗ್ಯ ಕೈಯಲ್ಲಿದ್ದ ಬೆಲ್ಲವನ್ನು ಹಲ್ಲಿನಿಂದ ಕಡಿದು ಎರಡು ಮಾಡಿ ಒಂದನ್ನು ಅವರ ಅಂಗೈಗಿಟ್ಟಳು. "ತಿನ್ನಿ. ಇನ್ಯಾರಿಗಿಕ್ಕಾನ."

ನಾಗಮಂಗಲ ದಾಟಿದ ಮೇಲೆ ಮೇಷ್ಟ್ರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ತಿನ್ನೋವಾಗ್ಲೇ ನನಗೆ ಗೊತ್ತಾಗಿತ್ತು ಅಂತ ಅವಳಿಗೆ ಹೇಳ್ಬೇಕಿತ್ತು ಮೇಡಂ" ಎಂದರು. "ಸೋಮವಾರ ಹೇಳಿ ಸಾರ್" ಎಂದೆ. ಹೂಂ ಎಂದರು. ಅವರು ಹೇಳಲಿಲ್ಲ. ಆ ಸೋಮವಾರವೂ ಇಲ್ಲ, ಅವಳು ಆ ಶಾಲೆ ಬಿಡುವವರೆಗೂ ಇಲ್ಲ. ನಾನು ಮತ್ತೆ ಕೇಳಲಿಲ್ಲ.

ಪಾಂಡವಪುರದಲ್ಲಿ ಚಿನಕುರಳಿಯ ಬಸ್ಸಿಗೆಂದು ಅವರು ಇಳಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಮುಷ್ಟಿ. ಊಟ ಅರ್ಧಕ್ಕೆ ಬಿಡದ ಆ ಮನುಷ್ಯನ ಬೆರಳುಗಳ ಸಂದಿಯಿಂದ ಬೆಲ್ಲ ಕರಗಿ ಮಣಿಕಟ್ಟಿನವರೆಗೆ ಇಳಿದಿತ್ತು.